ಅಂಗಳದ ವಾಟ

ನಮ್ಮ ಗಾನ್ಸು ಗುಡ್ಡಗಳಲ್ಲಿ ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಬಂದರೆ ಮೊದಲು ನೋಡುವುದು ಹುಡುಗನನ್ನಲ್ಲ, ಹಗೇವನ್ನು. ಕಾಳು ತುಂಬುವ ಹಗೇವಲ್ಲ, ನೀರಿನದು. ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಬಿದ್ದವರು ಹತ್ತಿ ಬರಲಾಗದಷ್ಟು ಆಳ. ಈ ಹಳದಿ ಮಣ್ಣಿನ ಸೀಮೆಯಲ್ಲಿ ಬಾವಿ ತೋಡಿದರೆ ಬರೀ ಉಪ್ಪುನೀರು, ಹೊಳೆ ಅಂದರೆ ಬರೀ ಕಲ್ಲು. ಮಳೆ ಬಿದ್ದದ್ದನ್ನು ಅಂಗಳದಲ್ಲೇ ಹಿಡಿದು, ಹಗೇವಿಗೆ ಇಳಿಸಿ, ಮುಚ್ಚಳ ಮುಚ್ಚಿ ಬೀಗ ಜಡಿದು ವರ್ಷವಿಡೀ ಕುಡಿಯಬೇಕು.

ನನ್ನಪ್ಪ ನನ್ನನ್ನು ಕೊಡಲು ಬಂದಾಗಲೂ ಹಾಗೇ ಮಾಡಿದ್ದ. ಮುಚ್ಚಳ ತೆಗೆಸಿ, ಮಂಡಿಯೂರಿ, ಒಳಗೆ ತಲೆ ಹಾಕಿ "ಓಯ್!" ಅಂತ ಕೂಗಿದ. ತುಂಬಿದ ಹಗೇವು ಕೂಗನ್ನು ತಕ್ಷಣ ವಾಪಸ್ಸು ಕೊಡುತ್ತದೆ, ಖಾಲಿಯದು ತಡಮಾಡುತ್ತದೆ. ಅಪ್ಪ ಎದ್ದು ಮಂಡಿ ಕೊಡವಿಕೊಂಡು, "ನೀರಿದೆ ಕಣಮ್ಮ ಯಿನ್‌ದಿ. ಈ ಮನೇಲಿ ನಿನ್ನ ಗಂಟಲು ಒಣಗಲ್ಲ" ಅಂದ. ಮದುವೆ ಗಂಡು ಶುವಾನ್‌ಲಾವ್ ಅಲ್ಲೇ ಕುರಿಯ ಹಗ್ಗ ಹಿಡಿದು ನಿಂತಿದ್ದ. ಅಪ್ಪ ಅವನ ಮುಖ ಸರಿಯಾಗಿ ನೋಡಿದನೋ ಇಲ್ಲವೋ, ನನಗೆ ಇವತ್ತಿಗೂ ಅನುಮಾನ.

ಮದುವೆಯಾದ ಎರಡನೇ ವರ್ಷ ಮನೆ ಪಾಲಾಯಿತು. ಹಿರಿಯ ಭಾವ ಮಾನ್‌ಚಾಂಗ್ ಪಾಲಿಗೆ ಅತ್ತೆ ಹೋದಳು, ಅತ್ತೆಯ ಜೊತೆ ಹಗೇವೂ ಹೋಯಿತು. ನಮಗೆ ಕುರಿಕೊಟ್ಟಿಗೆಯ ಕಡೆಯ ಅಂಗಳ, ನಡುವೆ ಒಂದು ಮಣ್ಣಿನ ಗೋಡೆ, ಮೇಲೊಂದು ಸಮಾಧಾನದ ಮಾತು. "ಗೋಡೆ ಎದ್ರೇನಂತೆ, ನೀರು ಒಂದೇ ಮನೇದು ಅಂದ್ಕೊಳಿ" ಅಂದಳು ಅತ್ತೆ. ಒಂದೇ ಮನೆಯ ನೀರಾದರೂ ಬೀಗದ ಕೀಲಿ ಮಾತ್ರ ನನ್ನ ಓರಗಿತ್ತಿ ತ್ಸಾಯ್‌ಚಿನ್ ಸೊಂಟದಲ್ಲಿ ನೇತಾಡುತ್ತಿತ್ತು.

ಬಕೆಟ್ ಹಿಡಿದು ಹೋಗಿ ನಿಂತರೆ ಅವಳು ನಿಧಾನಕ್ಕೆ ಬರುತ್ತಿದ್ದಳು. ಬೀಗ ತೆಗೆದು, ನಾನು ಸೇದುವಷ್ಟು ಹೊತ್ತೂ ಮುಚ್ಚಳದ ಮೇಲಿನ ಕೈ ತೆಗೆಯದೆ ನಿಲ್ಲುತ್ತಿದ್ದಳು. "ನಿನ್ನೆ ತಾನೇ ಒಯ್ದೆಯಲ್ಲೇ ಯಿನ್‌ದಿ? ಏನು, ಆಲೂಗಡ್ಡೆಗೆಲ್ಲ ತಲೆಸ್ನಾನ ಮಾಡಿಸ್ತೀಯಾ?" ಅನ್ನುತ್ತಿದ್ದಳು, ನಗುನಗುತ್ತಾ. ನಾನೂ ನಗಬೇಕಿತ್ತು. ಮನೆಮಂದಿಯೆಲ್ಲ ಒಂದೇ ಬೋಗುಣಿಯಲ್ಲಿ ಮುಖ ತೊಳೆದು, ಆ ನೀರನ್ನು ಕುರಿಗಿಟ್ಟು, ಮಗಳು ಮೈಸುಯ್ ತಲೆಗೆ ಹಬ್ಬಕ್ಕೊಮ್ಮೆ ನೀರು ತೋರಿಸಿ ಬದುಕಿದವಳು ನಾನು. ಅವಳ ಮುಂದೆ ಬಾಯಿ ಬಿಟ್ಟರೆ ಮಾರನೆಯ ದಿನ ಕೀಲಿ ಕಳೆದುಹೋಗಿರುತ್ತಿತ್ತು.

ಆಮೇಲೊಂದು ವರ್ಷ ಸರ್ಕಾರದಿಂದ ಮನೆಮನೆಗೂ ಸಿಮೆಂಟ್ ಬಂತು. ಹಗೇವು ತೋಡಿಕೊಳ್ಳಿ, ಅಂಗಳಕ್ಕೆ ಕಾಂಕ್ರೀಟ್ ಹಾಕಿ, ಬಿದ್ದ ಹನಿಯೆಲ್ಲ ಹಿಡಿಯಿರಿ ಅಂತ. ಭಾವನ ಮನೆಗೂ ಬಂತು. ಅವರು ಅದರಲ್ಲಿ ಮಗ ಗೆನ್‌ಶಂಗ್‌ಗೆ ಮದುವೆಯ ಕೋಣೆ ಕಟ್ಟಿದರು. ಅವರ ಅಂಗಳ ಹಾಗೇ ಮಣ್ಣಿನದಾಗಿ ಉಳಿಯಿತು. ಬಿದ್ದ ಮಳೆಯಲ್ಲಿ ಮುಕ್ಕಾಲು ಪಾಲು ಅದೇ ಕುಡಿಯುತ್ತಿತ್ತು. ನಾನು ಮಾತ್ರ ನಮ್ಮ ಸಿಮೆಂಟಿನ ಚೀಲಗಳನ್ನು ಹೊದಿಕೆ ಹೊದಿಸಿ, ನಾವು ಮಲಗುವ, ಕೆಳಗೆ ಬೆಂಕಿ ಹಾಕಿ ಬೆಚ್ಚಗಿಡುವ ಜಗುಲಿಯ ಪಕ್ಕದಲ್ಲೇ ಇಟ್ಟುಕೊಂಡೆ.

ಹಗೇವು ತೋಡಿದ್ದು ನಾವು ಗಂಡಹೆಂಡಿರಿಬ್ಬರೇ. ಹಗ್ಗ ಕಟ್ಟಿಕೊಂಡು ಇಳಿಯುವವಳು ನಾನು, ಮೇಲಿಂದ ಬುಟ್ಟಿ ಎಳೆಯುವವನು ಅವನು. ಅಷ್ಟು ಕೆಲಸದಲ್ಲೂ ನಮಗೆ ನಗು ಬರುತ್ತಿತ್ತು.

"ಲೇ, ಇನ್ನೂ ತೋಡಿದ್ರೆ ಭೂಮಿಯ ಆ ಕಡೆ ಎದ್ದೇಳ್ತೀಯ ನೋಡು!" ಅಂತ ಮೇಲಿಂದ ಕೂಗುತ್ತಿದ್ದ.

"ಎದ್ರೆ ಅಲ್ಲೇ ಇದ್ಬಿಡ್ತೀನಿ. ನಿಮ್ಮತ್ತಿಗೆ ಹತ್ರ ನೀರು ಬೇಡೋದಾದ್ರೂ ತಪ್ಪುತ್ತೆ."

"ನಾನು?"

"ನೀನು ಬುಟ್ಟೀಲಿ ಕೂತ್ಕೊಂಡು ಬಾ!"

ಹಗೇವಿನ ಒಳಗೋಡೆಗೆ ಕೆಂಪು ಜೇಡಿ ಮೆತ್ತಿ, ಬಡಿದು, ಅದರ ಮೇಲೆ ಸಿಮೆಂಟ್ ಸವರಿದೆವು. ಕೈಯ ಚರ್ಮ ಕಿತ್ತು ಬಂದಾಗ ಅವನೇ ಕುರಿಕೊಬ್ಬು ಕಾಯಿಸಿ ಹಚ್ಚಿದ. ಸಂತೆಯಲ್ಲಿ ಒಂದು ಹಿತ್ತಾಳೆ ಬೀಗ ಕೊಂಡೆ, ಎರಡು ಕೀಲಿಯದು. ಒಂದನ್ನು ನನ್ನ ಕೊರಳಿಗೆ ಹಾಕಿಕೊಂಡು, ಇನ್ನೊಂದನ್ನು ಅವನ ಸೊಂಟದ ಪಟ್ಟಿಗೆ ನಾನೇ ಕಟ್ಟಿದೆ. "ನಿನ್ನದೊಂದು, ನನ್ನದೊಂದು. ಇನ್ಮೇಲೆ ನಾವು ಯಾರ ಮುಂದೇನೂ ಬಕೆಟ್ ಹಿಡಿಯೋ ಹಂಗಿಲ್ಲ" ಅಂದೆ. ಅವನು ಕೀಲಿಯನ್ನು ಎರಡು ಸಲ ಮುಟ್ಟಿ ನೋಡಿಕೊಂಡ.

ಉಳಿದದ್ದು ಅಂಗಳ. ಹಗೇವಿರುವುದು ಕೊಟ್ಟಿಗೆಯ ಮೂಲೆಯಲ್ಲಿ, ಭಾವನ ಗೋಡೆ ಇರುವುದು ಎದುರು ದಿಕ್ಕಿಗೆ. ದಾರ ಎಳೆದು, ಗೂಟ ಹೊಡೆದು ಗುರುತು ಮಾಡಿದ್ದೆವು: ಗೋಡೆ ಕಡೆ ಎತ್ತರ, ಹಗೇವಿನ ಕಡೆ ತಗ್ಗು. ನೀರಿಗೆ ವಾಟ ಕೊಡುವುದರಲ್ಲೇ ಎಲ್ಲ ಇರುವುದು. ಒಂದು ಬೆರಳಿನಷ್ಟು ತಪ್ಪಿದರೂ ತೋಡಿದ್ದೆಲ್ಲ ದಂಡ.

ಕಾಂಕ್ರೀಟ್ ಕಲಸಬೇಕು ಅನ್ನುವ ಹೊತ್ತಿಗೆ ಅಪ್ಪ ಕತ್ತೆಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ ಅಂತ ಸುದ್ದಿ ಬಂತು. ಮೈಸುಯ್‌ಳನ್ನು ಕರೆದುಕೊಂಡು ತವರಿಗೆ ಹೊರಟೆ. ಬಾಗಿಲ ಹತ್ತಿರ ತಿರುಗಿ ಮತ್ತೆ ಹೇಳಿದೆ, "ವಾಟ ಮರೀಬೇಡ, ಮಾರಾಯ!"

"ನನಗೇ ಹೇಳಿಕೊಡ್ತೀಯಾ? ಹೋಗು, ಮಾವನ್ನ ನೋಡ್ಕೋ" ಅಂದ ಅವನು.

ಅಪ್ಪ ಎದ್ದು ಕೂರುವಂತಾದ ಮೇಲೆ ವಾಪಸ್ಸು ಬಂದೆ. ಬಾಗಿಲು ತಳ್ಳಿದವಳು ಹಾಗೇ ನಿಂತೆ. ಅಂಗಳ ಬೆಳ್ಳಗೆ, ನುಣ್ಣಗೆ, ಈಗಷ್ಟೇ ಬೇಯಿಸಿ ಮಗುಚಿದ ರೊಟ್ಟಿಯ ಹಾಗೆ ಕಾಣುತ್ತಿತ್ತು. ಕಾಲಿಡಲು ಮನಸ್ಸಾಗದೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡೆ. ಶುವಾನ್‌ಲಾವ್ ಕುರಿಗೆ ಸೊಪ್ಪು ಹಾಕುತ್ತಾ, ಕುರಿಯ ಕಡೆಗೇ ಮುಖ ಮಾಡಿಕೊಂಡು, "ಹೆಂಗಿದೆ?" ಅಂದ.

"ಒಬ್ಬನೇ ಹಾಕ್ದೆಯಾ?"

"ಅಣ್ಣ ಕೈ ಹಾಕಿದ. ಅತ್ತಿಗೇನೂ ಮರಳು ಹೊತ್ತರು."

ನಾನು ಎಂಥ ಪೆದ್ದಿ ಅಂದರೆ, ಅವತ್ತೇ ಬಟಾಣಿ ಹಿಟ್ಟಿನ ರೊಟ್ಟಿ ಮಾಡಿ ಗೋಡೆಯಾಚೆ ಕಳಿಸಿಕೊಟ್ಟೆ. ಇಷ್ಟು ವರ್ಷ ಅವಳ ಬಗ್ಗೆ ಮನಸ್ಸಿನಲ್ಲಿ ಅಂದುಕೊಂಡದ್ದಕ್ಕೆಲ್ಲ ನಾಚಿಕೆಯೂ ಆಯಿತು. ತ್ಸಾಯ್‌ಚಿನ್ ರೊಟ್ಟಿ ತಿಂದಳು.

ಬೇರೆ ಸೀಮೆಯ ಹೆಂಗಸಾಗಿದ್ದರೆ ಒಂದು ಬಕೆಟ್ ನೀರು ಸುರಿದು, ವಾಟ ಸರಿಯಿದೆಯೋ ಇಲ್ಲವೋ ಅಂತ ನೋಡಿಬಿಡುತ್ತಿದ್ದಳು. ನಮ್ಮಲ್ಲಿ ಆ ಯೋಚನೆಯೇ ಯಾರಿಗೂ ಬರುವುದಿಲ್ಲ. ನೆಲಕ್ಕೆ ನೀರು ಸುರಿಯುವುದೆಂದರೆ ಎಳೆಕೂಸನ್ನು ನೆಲಕ್ಕೆ ಎತ್ತಿ ಹಾಕಿದ ಹಾಗೆ. ಕಣ್ಣಿಗೆ ಅಂಗಳ ಸಪಾಟಾಗಿ ಕಂಡಿತು, ನಂಬಿದೆ. ಗೋಡೆಯ ಬುಡದಲ್ಲಿ ಒಂದು ಕಡೆ ಹುಲ್ಲಿನ ಸಿವುಡು ತುರುಕಿದ್ದನ್ನೂ ನೋಡಿದ್ದೆ. ಇಲಿ ತೂತು ಅಂದುಕೊಂಡೆ.

ಮಳೆಗಾಲಕ್ಕೆ ಮುಂಚೆ ಅಂಗಳ ಗುಡಿಸಬೇಕು. ಕುಡಿಯುವ ನೀರು ಹರಿದು ಬರುವ ಜಾಗ ಅದು. ಕುರಿಗಳನ್ನು ಆ ಕಡೆ ಬಿಡದೆ, ಹಾರಿಬಂದ ಒಂದೊಂದು ಎಲೆಯನ್ನೂ ಆರಿಸಿ, ದಿನಾ ಬೆಳಗ್ಗೆ ಗುಡಿಸಿದೆ. ಶುವಾನ್‌ಲಾವ್ ಒಲೆಯ ಮುಂದೆ ಕೂತು ಸಣ್ಣ ಮಡಕೆಯಲ್ಲಿ ಟೀ ಕುದಿಸಿಕೊಂಡು, ಹೀರುತ್ತಾ ನೋಡುತ್ತಿದ್ದ. ಗೋಡೆಯ ಮೇಲಿಂದ ತ್ಸಾಯ್‌ಚಿನ್ ತಲೆ ಏಳುತ್ತಿತ್ತು.

"ಗುಡಿಸು ಗುಡಿಸು, ಚೆನ್ನಾಗಿ ಗುಡಿಸು ಯಿನ್‌ದಿ. ಕುಡಿಯೋ ನೀರಲ್ವಾ!"

"ಹೂಂ ಅಕ್ಕಾ," ಅನ್ನುತ್ತಿದ್ದೆ ನಾನು.

ಹೊಸ ಹಗೇವು ಒಣಗಿದರೆ ಸೀಳುತ್ತದೆ. ಅದಕ್ಕೆ ಸ್ವಲ್ಪ ಸ್ವಲ್ಪ ನೀರು ಕುಡಿಸುತ್ತಿರಬೇಕು. ಮುಖ ತೊಳೆಯುವುದನ್ನೇ ಬಿಟ್ಟು, ಗಂಜಿಗೆ ಹಾಕುವ ನೀರಿನಲ್ಲೂ ಉಳಿಸಿ ಅದರ ಬಾಯಿಗೆ ಹುಯ್ದೆ. ಮಳೆ ಬರಲಿ, ಹೊಟ್ಟೆ ತುಂಬ ಕುಡಿ ಅಂತ ಅದರ ಜೊತೆ ಮಾತಾಡಿದ್ದೂ ಉಂಟು.

ಮಳೆ ಬಂದದ್ದು ಒಂದು ಮಧ್ಯಾಹ್ನ. ಗುಡ್ಡದಾಚೆ ಕಪ್ಪಾಯಿತು, ಮಣ್ಣಿನ ವಾಸನೆ ಎದ್ದಿತು, ಆಮೇಲೆ ದಪ್ಪ ದಪ್ಪ ಹನಿ. ಓಡಿಹೋಗಿ ಹಗೇವಿನ ಕಿಂಡಿ ತೆರೆದು, ಅಲ್ಲೇ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಆ ಸದ್ದು ಕೇಳಬೇಕಿತ್ತು ನನಗೆ, ನನ್ನ ಹಗೇವಿಗೆ ಮೊದಲ ನೀರು ಬೀಳುವ ಸದ್ದು.

ಅಂಗಳವೆಲ್ಲ ಒದ್ದೆಯಾಯಿತು. ನೀರು ಕೂಡಿಕೊಂಡಿತು, ಒಂದು ಹರಿವಾಯಿತು. ಹರಿದು ನನ್ನ ಕಡೆಗೆ ಬರಲಿಲ್ಲ. ನನಗೆ ಬೆನ್ನು ತೋರಿಸಿ, ಗೋಡೆಯ ಕಡೆ ಹೊರಟಿತು. ಗೋಡೆಯ ಬುಡದಲ್ಲಿ ಹುಲ್ಲಿನ ಸಿವುಡನ್ನು ಯಾರೋ ಆಚೆಯಿಂದ ಎಳೆದುಕೊಂಡರು. ನನ್ನ ಅಂಗಳದ ನೀರೆಲ್ಲ ಆ ತೂತಿನಲ್ಲಿ ನುಗ್ಗಿತು. ಆಚೆಯಿಂದ ಕೇಳಿಸಿತು, ನಾನು ಕಾದಿದ್ದ ಅದೇ ಸದ್ದು, ಗೋಡೆಗೆ ಆತುಕೊಂಡೇ ಇದ್ದ ತ್ಸಾಯ್‌ಚಿನ್ ಹಗೇವಿನಲ್ಲಿ.

"ಮೈಸುಯ್ ಅಪ್ಪಾ! ನೀರೆಲ್ಲ ಆ ಕಡೆ ಹೋಗ್ತಿದೆ! ಸಲಿಕೆ ತಾ, ಓಡು!"

ಅವನು ಸೂರಿನ ಕೆಳಗೆ ಕೈಕಟ್ಟಿ ನಿಂತಿದ್ದ. ಗೊತ್ತಿಲ್ಲದವನಾಗಿದ್ದರೆ ಓಡಿ ಬರುತ್ತಿದ್ದ. ಅವನು ನಿಂತೇ ಇದ್ದ, ಮುಖದಲ್ಲಿ ಆಶ್ಚರ್ಯ ಅನ್ನುವುದು ಇರಲಿಲ್ಲ. ಆದರೂ ನನ್ನ ಕೈ ಸುಮ್ಮನಿರಲಿಲ್ಲ. ಬೋಗುಣಿ ತೆಗೆದುಕೊಂಡು ಗೋಡೆಯ ಬುಡದಿಂದ ಬಾಚಿ ಬಾಚಿ, ಹಗೇವಿನ ಬಾಯಿಗೆ ಓಡಿ ಓಡಿ ಹುಯ್ದೆ. ಏರಿನಲ್ಲಿ ಓಡುತ್ತಿದ್ದೇನೆ ಅಂತ ಕಾಲಿಗೆ ಗೊತ್ತಾಯಿತು. ಕಣ್ಣಿಗೆ ಕಾಣದ ವಾಟ ಕಾಲಿಗೆ ತಿಳಿಯಿತು. ಆಗ ಬೋಗುಣಿ ಕೆಳಗಿಟ್ಟೆ.

"ಏನಿದು?"

"ಈ ಒಂದು ವರ್ಷ ಕಣೇ," ಅಂದ ಅವನು. "ಗೆನ್‌ಶಂಗ್ ಮದುವೆ ಆಗೋವರೆಗೂ ಅಷ್ಟೇ. ಹೆಣ್ಣಿನ ಕಡೆಯವರು ಮನೆ ನೋಡಕ್ಕೆ ಬರ್ತಾರೆ, ಅಣ್ಣನ ಹಗೇವು ತಳ ಕಾಣ್ತಿತ್ತು. ಅಮ್ಮ ಕಾಲಿಗೆ ಬಿದ್ದಂಗೆ ಅತ್ತಳು. ನಾನೇನ್ ಮಾಡ್ಲಿ ಹೇಳು?"

"ಒಂದು ವರ್ಷ ಆದ್ಮೇಲೆ? ಕಾಂಕ್ರೀಟು ತಾನೇ ಎದ್ದು ಮಗ್ಗುಲು ಬದಲಾಯಿಸುತ್ತಾ?"

ಅವನು ಗೋಡೆಯ ಕಡೆ ನೋಡಿದ.

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಒಪ್ತಿದ್ಯಾ?"

"ದಿನಾ ಗುಡಿಸ್ತಿದ್ನಲ್ಲೋ! ಅವಳ ಹಗೇವಿಗೆ ನಾನು ಗುಡಿಸ್ತಿದ್ದೆ, ನೀನು ಟೀ ಕುಡೀತಾ ನೋಡ್ತಿದ್ದೆ! ಒಂದು ದಿನಕ್ಕಾದ್ರೂ ಆ ಟೀ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ವಾ ನಿನಗೆ?"

ಅವನು ತಲೆ ತಗ್ಗಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು. ತ್ಸಾಯ್‌ಚಿನ್ ಮೇಲಲ್ಲ. ಅವಳು ಎಂದಿಗೂ ನನ್ನವಳಾಗಿರಲಿಲ್ಲ, ಅವಳು ಮಾಡಿದ್ದರಲ್ಲಿ ಹೊಸದೇನಿದೆ? ನಂಬಿಸಿ ಕತ್ತು ಕೊಯ್ದವನು ನನ್ನ ಅಂಗೈಗೆ ಕೊಬ್ಬು ಹಚ್ಚಿದವನು. ಯಾವ ಹಗ್ಗದಲ್ಲಿ ನೇತಾಡಿಕೊಂಡು ನಾನು ಆ ಕತ್ತಲೆಗೆ ಇಳಿಯುತ್ತಿದ್ದೆನೋ ಅದರ ತುದಿ ಹಿಡಿದವನು. ಮಳೆ ನಿಂತ ಮೇಲೂ ಎಷ್ಟೋ ಹೊತ್ತು ಗೋಡೆಯಾಚೆ ತೊಟತೊಟ ಅನ್ನುತ್ತಲೇ ಇತ್ತು. ನಾನು ಅಲ್ಲೇ ಕೂತು ಅತ್ತೆ.

ಕೆಲವು ದಿನದಲ್ಲಿ ಹೆಣ್ಣಿನ ಕಡೆಯವರು ಬಂದರು. ಗೋಡೆಯಾಚೆ ನೂಡಲ್ಸ್ ಒಗ್ಗರಣೆಯ ವಾಸನೆ, ಅತ್ತೆಯ ಉಪಚಾರದ ಮಾತು, ಭಾವನ ದೊಡ್ಡ ಗಂಟಲು. ಆಮೇಲೆ ಮುಚ್ಚಳ ಸರಿಸಿದ ಸದ್ದು. "ಓಯ್!" ಅಂತ ಯಾರೋ ಗಂಡಸು ಕೂಗಿದ. ಹಗೇವು ತಕ್ಷಣ "ಓಯ್" ಅಂದಿತು. ಎಲ್ಲರೂ ನಕ್ಕರು.

ಆ ಹೊತ್ತಿಗೆ ಶುವಾನ್‌ಲಾವ್ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ತುಂಬಿದ ಬಕೆಟ್ಟು.

"ಅತ್ತಿಗೆ ಕೊಟ್ರು," ಅಂದ. "ಹೊಸ ಹಗೇವು ಒಣಗಿದ್ರೆ ಸೀಳುತ್ತೆ, ಪಾಪ, ಇದನ್ನ ಹುಯ್ಕೊಳ್ಳಲಿ ಅಂದ್ರು. ಇವತ್ತೊಂದಿನ ಮುಖ ನೆಟ್ಟಗಿಟ್ಕೋ ಯಿನ್‌ದಿ. ನೆಂಟರಿದಾರೆ."

ನನ್ನ ನೀರು. ನನ್ನ ಅಂಗಳದಿಂದ ಹೋದ ನೀರನ್ನು ಪಾಪ ಅಂತ ನನಗೇ ಕೊಟ್ಟು ಕಳಿಸಿದ್ದಾಳೆ. ತಂದವನು ನನ್ನ ಗಂಡ. ಒಳ್ಳೆಯ ಕೆಲಸ ಮಾಡಿದವನ ಹಾಗೆ ನಿಂತಿದ್ದಾನೆ ಬೇರೆ.

ಬಕೆಟ್ ಇಸಕೊಂಡೆ. ಹಗೇವಿನ ಕಡೆ ಹೋಗಲಿಲ್ಲ. ಬೀದಿ ಬಾಗಿಲಿಗೆ ಹೋಗಿ ಭಾವನ ಅಂಗಳದ ಕಡೆ ಕೂಗಿದೆ.

"ಅಣ್ಣಾವ್ರೇ! ಹಗೇವು ನೋಡಿದ್ರಲ್ಲ, ಅದಕ್ಕೆ ನೀರೆಲ್ಲಿಂದ ಬರುತ್ತೆ ಅಂತ ನೋಡೋದು ಬೇಡ್ವಾ? ಬನ್ನಿ, ಒಂದ್ನಿಮಿಷ!"

ಹೆಣ್ಣಿನ ಅಪ್ಪ ಬಂದ. ಒಣಕಲು ಮೈ, ಉಣ್ಣೆ ಟೋಪಿ, ಚುರುಕು ಕಣ್ಣು. ಹಿಂದೆ ಅವನ ಮಗಳು, ಕೆಂಪು ಕೋಟಿನ ಗುಂಡಿ ತಿರುವುತ್ತಾ. ಅವರ ಹಿಂದೆ ಭಾವ, ಅತ್ತೆ, ತ್ಸಾಯ್‌ಚಿನ್. ಎಲ್ಲರೂ ಒಳಗೆ ಬಂದ ಮೇಲೆ ಅಂಗಳದ ನಡುವೆ ನಿಂತು ಬಕೆಟ್ಟನ್ನು ಮಗುಚಿದೆ.

"ಅಯ್ಯೋ ಪಾಪಿ! ನೀರು ಕಣೇ!" ಅಂತ ಅತ್ತೆ ಚೀರಿದಳು. ಇಡೀ ಬಕೆಟ್ ನೀರನ್ನು ನೆಲಕ್ಕೆ ಸುರಿದದ್ದನ್ನು ಅಲ್ಲಿ ಯಾರೂ ಜನ್ಮದಲ್ಲಿ ನೋಡಿರಲಿಲ್ಲ. ನೀರು ಒಂದು ಕ್ಷಣ ಯೋಚಿಸಿದಂತೆ ನಿಂತು, ಧೂಳನ್ನು ಮುಂದೆ ತಳ್ಳಿಕೊಂಡು ಹೊರಟಿತು. ಹೆಣ್ಣಿನ ಅಪ್ಪನ ಕಾಲ ಪಕ್ಕದಲ್ಲೇ ಹಾದು, ಭಾವನ ಚಪ್ಪಲಿ ತೋಯಿಸಿ, ಗೋಡೆಯ ಬುಡ ಸೇರಿ, ತೂತಿನೊಳಗೆ ಇಳಿಯಿತು. ಆಚೆ ತ್ಸಾಯ್‌ಚಿನ್ ಹಗೇವಿನಲ್ಲಿ ತೊಟಕ್ ಅಂದಿತು. ಭಾವನ ಮುಖ ಬಿಳಚಿಕೊಂಡಿತು. ಈಗ ಇವರು ಮುಖ ಎಲ್ಲಿಡಬೇಕೋ ತಿಳಿಯದೆ ನಿಲ್ಲುತ್ತಾರೆ ಅಂತ ನಾನು ಕಾದೆ.

ಹೆಣ್ಣಿನ ಅಪ್ಪ ಕುಕ್ಕರುಗಾಲಲ್ಲಿ ಕೂತು ತೂತನ್ನು ಬಗ್ಗಿ ನೋಡಿದ. ನನ್ನ ಖಾಲಿ ಹಗೇವನ್ನು ನೋಡಿದ. ನನ್ನನ್ನು ನೋಡಿದ. ಆಮೇಲೆ ಎದ್ದು ಮಂಡಿ ಕೊಡವಿಕೊಂಡು, ಭಾವನ ಬೆನ್ನ ಮೇಲೊಂದು ಬಡಿದ.

"ಗಟ್ಟಿ ಮನೆ ಕಣಯ್ಯಾ ನಿಂದು! ಪಕ್ಕದ ಅಂಗಳದ ನೀರನ್ನೂ ಮನೆಗೆ ತಂದ್ಕೊಳ್ಳೋ ಜನ. ಇಲ್ಲಿ ನನ್ನ ಮಗಳ ಗಂಟಲು ಒಣಗಲ್ಲ ಬಿಡು."

ಮೊದಲು ನಕ್ಕವಳು ತ್ಸಾಯ್‌ಚಿನ್. ಆಮೇಲೆ ಭಾವ, ಆಮೇಲೆ ಕಣ್ಣೊರೆಸಿಕೊಳ್ಳುತ್ತಾ ಅತ್ತೆ. ಆಮೇಲೆ, ಗಂಡಾಂತರ ಕಳೆಯಿತು ಅನ್ನುವ ಹಾಗೆ ದೊಡ್ಡ ಉಸಿರು ಬಿಟ್ಟು, ಶುವಾನ್‌ಲಾವ್ ಕೂಡ ನಕ್ಕ. ವಾಟ ಬದಲಾಯಿಸಿದ್ದನ್ನು ಒಂದು ದಿನ ಮರೆಯುತ್ತಿದ್ದೆನೋ ಏನೋ. ಈ ನಗುವನ್ನು ಮರೆಯಲಾರೆ. ನಗದೆ ಇದ್ದವಳು ಆ ಹುಡುಗಿ ಒಬ್ಬಳೇ. ಅವಳು ನೆಲದ ಮೇಲಿನ ಒದ್ದೆ ಗೆರೆಯನ್ನೇ ನೋಡುತ್ತಿದ್ದಳು.

ಎಲ್ಲರೂ ಊಟಕ್ಕೆ ಹೋದ ಮೇಲೆ ಅವನ ಮುಂದೆ ಕೈ ಚಾಚಿದೆ.

"ಕೀಲಿ ಕೊಡು."

"ಖಾಲಿ ಹಗೇವಿಗೆ ಕೀಲಿ ಯಾತಕ್ಕೆ?"

"ಕೊಡು."

ಸೊಂಟದ ಪಟ್ಟಿಯಿಂದ ಬಿಚ್ಚಿ ಕೊಟ್ಟ. ನಾನು ಹಾಕಿದ ಗಂಟು ಬಿಗಿಯಾಗಿತ್ತು, ಬಿಚ್ಚಲು ಹೊತ್ತು ಹಿಡಿಯಿತು.

ಮಾರನೆಯ ದಿನದಿಂದ ಪಿಕಾಸಿ ಹಿಡಿದೆ. ರೊಟ್ಟಿಯಂಥ ಆ ಅಂಗಳವನ್ನು ಗೋಡೆಯ ಉದ್ದಕ್ಕೂ ಒಡೆದೆ. ಅಲ್ಲಿಂದ ಹಗೇವಿನವರೆಗೆ ಕಾಲುವೆ ತೋಡಿ, ಹಗೇವಿನ ಕಿಂಡಿಯನ್ನು ಒಡೆದು ಇನ್ನೂ ಕೆಳಗೆ ಇಳಿಸಿದೆ. ಗೋಡೆಯ ತೂತಿಗೆ ಕಲ್ಲು ಜಡಿದು, ಉಳಿದಿದ್ದ ಸಿಮೆಂಟ್ ಮೆತ್ತಿದೆ. ಒಳಗೆ ಹಗೇವು ಒಂದು ಕಡೆ ಸೀಳಿತ್ತು. ಏಣಿ ಹಾಕಿಕೊಂಡು ಇಳಿದು ಅದಕ್ಕೂ ಜೇಡಿ ತುಂಬಿದೆ. ಹಗ್ಗ ಹಿಡಿಯಲು ಯಾರನ್ನೂ ಕರೆಯಲಿಲ್ಲ. ಅತ್ತೆ ಗೋಡೆಯಾಚೆಯಿಂದ ಬಾಯಿಗೆ ಬಂದಂತೆ ಬಯ್ದಳು. ಒಂದು ದಿನ ಶುವಾನ್‌ಲಾವ್ ಸಲಿಕೆ ಹಿಡಿದು ಬಂದ.

"ಬಿಡು, ನಾನು ತೋಡ್ತೀನಿ."

"ಬೇಡಪ್ಪಾ. ನೀನು ತೋಡಿದ ಕಾಲುವೆ ಯಾರ ಮನೆಗೆ ಹೋಗುತ್ತೋ ಏನೋ."

ಅವನು ಸಲಿಕೆಯನ್ನು ಕೊಟ್ಟಿಗೆಗೆ ಒರಗಿಸಿ ಹೋದ.

ಆಲೂಗಡ್ಡೆ ಕೀಳುವ ಕಾಲಕ್ಕೆ ಇನ್ನೊಂದು ಮಳೆ ಬಂತು. ದೊಡ್ಡದೇನಲ್ಲ, ಜಿಟಿಜಿಟಿ ಅಂತ ದಿನವಿಡೀ ಹಿಡಿದದ್ದು. ನೀರು ಮೊದಲಿನ ಹಾಗೇ ನನಗೆ ಬೆನ್ನು ಹಾಕಿ ಗೋಡೆಗೆ ಹೋಯಿತು, ಅಲ್ಲಿ ಕಾಲುವೆ ಸಿಕ್ಕಿ ತಿರುಗಿಕೊಂಡಿತು. ಸುತ್ತಿ ಬಳಸಿ ಬಂದು ನನ್ನ ಹಗೇವಿಗೆ ಬಿತ್ತು. ಆ ಸದ್ದು ಕೇಳಿಸಿಕೊಳ್ಳುತ್ತಾ ಕೂತೆ. ಅಷ್ಟು ಆಸೆಪಟ್ಟಿದ್ದೆನಲ್ಲ, ಪಕ್ಕದಲ್ಲಿ ಕೂತು ಕೇಳಲು ಒಬ್ಬನಿರುತ್ತಾನೆ ಅಂತ ಅಂದುಕೊಂಡಿದ್ದೆ. ಬಾಯಿ ಮುಚ್ಚಿ ಬೀಗ ಹಾಕಿ, ಎರಡು ಕೀಲಿಯನ್ನೂ ಕೊರಳಿಗೆ ಹಾಕಿಕೊಂಡು ಒಳಗೆ ಬಂದೆ.

ಬೆಳಗ್ಗೆ ಎದ್ದು ನೋಡಿದರೆ ಶುವಾನ್‌ಲಾವ್ ಬಕೆಟ್ ಹಿಡಿದು ಹಗೇವಿನ ಹತ್ತಿರ ನಿಂತಿದ್ದಾನೆ. ಬೀಗ ನೋಡಿದ, ನನ್ನನ್ನು ನೋಡಿದ.

"ಒಂದು ಬಕೆಟ್ ನೀರು ಬೇಕಿತ್ತು," ಅಂದ.

ಬೀಗ ತೆಗೆದೆ. ಅವನು ಸೇದಿಕೊಂಡ. ಅವನು ಸೇದುವಷ್ಟು ಹೊತ್ತೂ ನನ್ನ ಕೈ ಮುಚ್ಚಳದ ಮೇಲೇ ಇತ್ತು, ಥೇಟ್ ತ್ಸಾಯ್‌ಚಿನ್ ಇಟ್ಟುಕೊಳ್ಳುತ್ತಿದ್ದ ಹಾಗೆ. ನೋಡಿಕೊಂಡೆ, ಆದರೆ ತೆಗೆಯಲಿಲ್ಲ. ಅವನೂ ಅದನ್ನೇ ನೋಡಿದ.

"ನಾನು ನಿನ್ನ ಗಂಡ ಕಣೇ, ಯಿನ್‌ದಿ."

"ಗೊತ್ತು," ಅಂದೆ. "ಅದಕ್ಕೇ ಬೀಗ."